ಗಾಜಿನೊಳಗಿನ ಓರಗಿತ್ತಿ

ಆ ಫೋಟೋ ಚೆನ್ನಾಗಿತ್ತು. ನಡೆದದ್ದು ಅಷ್ಟೇ. ಹೂವು ಹಾಕಿದ್ದು, ನೆಂಟರು ಬಂದು ಅತ್ತದ್ದು, ನಾನು ಬಸ್ಸು ಹತ್ತಿದ್ದು, ಇವೆಲ್ಲ ಅದರಿಂದ ಹುಟ್ಟಿದ ಮಾತುಗಳು. ಫೋಟೋ ಕೆಟ್ಟದಾಗಿದ್ದರೆ ನನಗೆ ಹೊಟ್ಟೆ ಉರಿಯುತ್ತಿರಲಿಲ್ಲ.

ನಮ್ಮೂರು ಪಾಂಡವಪುರಕ್ಕೂ ಕೆ.ಆರ್. ಪೇಟೆಗೂ ನಡುವೆ. ತೊಂಬತ್ತರ ದಶಕದಲ್ಲಿ ಪಾಂಡವಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟಿದ್ದ ಒಬ್ಬ ಸಾಬರ ಹುಡುಗ ಹಬ್ಬದ ಮುಂಚೆ ಮೊಪೆಡ್ಡಿನಲ್ಲಿ ಊರೂರು ತಿರುಗುತ್ತಿದ್ದ. ಹಿಂದೆ ಪರದೆಯ ಸುರುಳಿ, ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಕೂರಿಸುವ ದೊಡ್ಡ ಕ್ಯಾಮೆರಾ. ಪರದೆಯ ಮೇಲೆ ನೀಲಿ ಕೆರೆ, ಎರಡು ಹಂಸ. ಅದನ್ನು ಕಟ್ಟುತ್ತಿದ್ದದ್ದು ನಮ್ಮ ಜಗುಲಿಯ ಗೋಡೆಗೆ. ಮೊಳೆ ಹೊಡೆಯಲು ಬೇರೆ ಯಾರೂ ಬಿಡುತ್ತಿರಲಿಲ್ಲ, ನಾನು ಬಿಟ್ಟೆ. ಒಮ್ಮೆ ಕ್ಯಾಮೆರಾದೊಳಗೆ ರೀಲು ಸಿಕ್ಕಿಕೊಂಡಾಗ, ಬೆಳಕು ಬಿದ್ದರೆ ಊರಿನವರ ಫೋಟೋ ಎಲ್ಲಾ ಹಾಳು ಎಂದು ಅವನು ಒದ್ದಾಡಿದ. ನನ್ನ ಕರಿಕಂಬಳಿ ಕೊಟ್ಟೆ. ಅದರೊಳಗೆ ಕೈ ತೂರಿಸಿ, ಗಬ್ಬದ ಹಸುವಿನ ಹೊಟ್ಟೆ ಸವರಿ ನೋಡುವವನ ಹಾಗೆ ತಡಕಾಡಿ ಸರಿ ಮಾಡಿಕೊಂಡ. ಅವನು ಬಂದಾಗಲೆಲ್ಲ ಮಜ್ಜಿಗೆ ನನ್ನದು, ಮುದ್ದೆ ನನ್ನದು.

ಆ ವರ್ಷ ನಾನೂ ತೆಗೆಸಿಕೊಳ್ಳಬೇಕು ಅನ್ನಿಸಿತು. ಮನೆಯಲ್ಲಿ ಹಾಲು ಕರೆಯುವುದಕ್ಕೆ ನನಗೂ ನನ್ನ ಮೈದುನನ ಹೆಂಡತಿಗೂ ಪಾಳಿ ಇತ್ತು, ಒಂದು ಬೆಳಿಗ್ಗೆ ನಾನು, ಮಾರನೆಯ ಬೆಳಿಗ್ಗೆ ಅವಳು. ಅವತ್ತು ಪಾಳಿ ನನ್ನದು. ರೇಷ್ಮೆ ಸೀರೆ ಉಡಬೇಕಿತ್ತಲ್ಲ, ನೀನೇ ಕರೆದುಬಿಡು ಎಂದು ಓರಗಿತ್ತಿಗೆ ಹೇಳಿ ಒಳಗೆ ಹೋದೆ. ನಾನು ನೆರಿಗೆ ಹಿಡಿಯುವಷ್ಟರಲ್ಲಿ ಈ ಹುಡುಗ ಹಿತ್ತಿಲ ಕೊಟ್ಟಿಗೆಗೆ ನೀರು ಕೇಳಲು ಹೋದ. ಅವನ ಜೇಬಿನಲ್ಲಿ ಇನ್ನೊಂದು ಕ್ಯಾಮೆರಾ ಇರುತ್ತಿತ್ತು, ಬೀಡಿ ಕಟ್ಟಿಗಿಂತ ಸ್ವಲ್ಪ ದೊಡ್ಡದು. ಅದು ವ್ಯಾಪಾರಕ್ಕಲ್ಲ, ಅವನ ಖುಷಿಗೆ. ಅದರಲ್ಲಿ ಓರಗಿತ್ತಿಯನ್ನು ಹಿಡಿದುಕೊಂಡು ಬಂದ. ಅವಳಿಗೆ ಗೊತ್ತೇ ಆಗಿರಲಿಲ್ಲವಂತೆ.

ಆಮೇಲೆ ನಾನು ಹಂಸದ ಮುಂದೆ ನಿಂತೆ. ಫೋಟೋ ಬಂದಾಗ ನನ್ನ ಯಜಮಾನರು ನೋಡಿ, ‘ಪೊಲೀಸ್ನೋರು ಇಡ್ಕಂಡೋಗಿ ನಿಲ್ಸವ್ರಂಗಿದ್ದೀಯಲ್ಲೇ’ ಅಂದರು. ಅದನ್ನು ಟ್ರಂಕಿಗೆ ಹಾಕಿದೆ.

ಓರಗಿತ್ತಿಯದನ್ನು ಅವನು ದೊಡ್ಡದು ಮಾಡಿ, ಕಟ್ಟು ಹಾಕಿ, ಸ್ಟುಡಿಯೋದ ಗಾಜಿನೊಳಗೆ ಇಟ್ಟ. ಸಂತೆಗೆ ಹೋದವರೆಲ್ಲ ಬಂದು ಹೇಳಿದರು. ನಾನೂ ಹೋಗಿ ನೋಡಿದೆ. ತೇಪೆ ಹಾಕಿದ ಸೀರೆ, ಅರ್ಧ ಮುಖ ಕತ್ತಲಲ್ಲಿ. ಮೇಲಿಂದ ಒಂದು ಕೋಲು ಬಿಸಿಲು ಇಳಿದು ತಂಬಿಗೆಯ ನೊರೆಯ ಮೇಲೆ ಬಿದ್ದಿತ್ತು. ನೊರೆಯ ಬೆಳಕು ಅವಳ ಗಲ್ಲಕ್ಕೆ ಹೊಡೆದಿತ್ತು. ಆ ಬಿಸಿಲು ಇಳಿಯುತ್ತಿದ್ದದ್ದು ಒಡೆದ ಹೆಂಚಿನಿಂದ. ಹೊಸ ಹೆಂಚು ತರಿಸೋಣ ಎಂದು ಓರಗಿತ್ತಿ ಬಡಿದುಕೊಂಡರೂ ಬೇಡ, ಕೊಟ್ಟಿಗೆಗೆ ಬೆಳಕಿರಲಿ ಎಂದು ತಡೆದಿದ್ದವಳು ನಾನು. ಹೆಂಚು ನನ್ನದು, ಪಾಳಿ ನನ್ನದು, ಗೋಡೆ ನನ್ನದು, ಕಂಬಳಿ ನನ್ನದು. ಗಾಜಿನೊಳಗೆ ಅವಳು.

ಈಗ ಮೊಮ್ಮಗಳು ಮೊಬೈಲು ಹಿಡಿದು, ಬೆಳಕು ಹೇಗೆ ಬಿದ್ದಿದೆ ನೋಡಜ್ಜಿ ಎಂದು ತೋರಿಸುತ್ತಾಳೆ. ಬೆಳಕಿನ ವಿಷಯ ನನಗೆ ಹೇಳಲು ಬರಬೇಡ ಅನ್ನುತ್ತೇನೆ.

ಆಯುಧಪೂಜೆ ಬಂತು. ಅಂಗಡಿ ಸಾಲಿನವರೆಲ್ಲ ತಕ್ಕಡಿಗೆ, ಹೊಲಿಗೆ ಮಿಷನ್ನಿಗೆ ಹೂವು ಹಾಕುವಾಗ ಇವನೂ ಕ್ಯಾಮೆರಾಗಳಿಗೆ ಹಾಕಿದ. ಉಳಿದ ಒಂದು ಮಾರು ಸೇವಂತಿಗೆಯನ್ನು ತಂದು, ಅಂಗಡಿಗೆ ಗಿರಾಕಿ ತಂದವಳು ಇವಳೇ ಎಂದು ಓರಗಿತ್ತಿಯ ಫೋಟೋಕ್ಕೆ ಹಾಕಿ, ಕುಂಕುಮ ಇಟ್ಟು, ಬಾಗಿಲು ಮುಚ್ಚಿ ಮನೆಗೆ ಹೋದ.

ಓರಗಿತ್ತಿಯ ತವರು ಬೂಕನಕೆರೆ. ಅವಳ ಸೋದರಮಾವ ಕಬ್ಬಿನ ಕೆಲಸಕ್ಕೆ ಪಾಂಡವಪುರಕ್ಕೆ ಬಂದವನು ಅವತ್ತು ಸಂಜೆ ಆ ಗಾಜಿನ ಮುಂದೆ ಹಾದ. ನಮ್ಮ ಕಡೆ ಬದುಕಿದ್ದವರ ಫೋಟೋವನ್ನು ಒಂಟಿಯಾಗಿ ಅಷ್ಟು ದೊಡ್ಡದು ಮಾಡಿಸುವುದಿಲ್ಲ, ಹೂವು ಹಾಕುವುದಂತೂ ಇಲ್ಲವೇ ಇಲ್ಲ. ಕೇಳೋಣವೆಂದರೆ ಅಂಗಡಿಗೆ ಬೀಗ. ಅವನು ಊರಿಗೆ ಓಡಿದ.

ಮಾರನೆಯ ಮಧ್ಯಾಹ್ನ ನಾನು ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದೆ. ಒಂದು ಟೆಂಪೋ ಬಂದು ನಿಂತಿತು. ಹೆಂಗಸರು ಬಾಯಿ ಬಡಿದುಕೊಂಡು ಇಳಿದರು. ಒಬ್ಬಳು ನನ್ನ ಕುತ್ತಿಗೆಗೇ ಬಿದ್ದಳು. ಸೋದರಮಾವ ಅಳುತ್ತಲೇ ಜಗಳಕ್ಕೆ ನಿಂತ.

‘ನಮ್ಗೊಂದ್ ಮಾತು ಏಳ್ಬಾರ್ದಾಗಿತ್ತಾ? ಮಣ್ ಮಾಡಕ್ಕೂ ಕರೀನಿಲ್ವಲ್ಲ, ನೀವೇನ್ ಮನ್ಸರಾ?’

‘ಯಾರ್ನ ಮಣ್ ಮಾಡಕ್ಕೆ?’

‘ನಿನ್ ಓರಗಿತ್ತೀನ.’

‘ಅವ್ಳೆಲ್ಲೂ ಓಗಿಲ್ಲ. ಇತ್ಲಲ್ಲಿ ಕರೀ ಅಸೀನ ಮೈ ತೊಳೀತಾವ್ಳೆ, ಓಗ್ ನೋಡು.’

ಸದ್ದು ಕೇಳಿ ಅವಳೇ ಬಂದಳು, ಕೈಯಲ್ಲಿ ತೆಂಗಿನ ನಾರು. ಆಮೇಲಿನದು ಹೇಳುವುದೇ ಬೇಡ. ಅತ್ತವರೇ ನಕ್ಕರು, ನಕ್ಕವರೇ ಮತ್ತೆ ಅತ್ತರು, ಅವಳ ಗಲ್ಲ ಹಿಡಿದು ನೆಟಿಗೆ ಮುರಿದರು. ನಾನು ಅಷ್ಟೂ ಜನಕ್ಕೆ ಮುದ್ದೆ ತೊಳಸಿದೆ. ತೊಳಸುವಾಗ ಮನಸ್ಸಿಗೆ ಬಂದದ್ದು ಒಂದೇ: ನಾನು ಸತ್ತರೆ ಇಷ್ಟು ಜನ ಬರುತ್ತಾರಾ? ಇವಳಿಗೆ ಸಾಯದೆಯೇ ಬಂದರು.

ಮೈದುನ ಅದೇ ಟೆಂಪೋದಲ್ಲಿ ಪಾಂಡವಪುರಕ್ಕೆ ಹೋಗಿ ಫೋಟೋವನ್ನು ಗಾಜಿನಿಂದ ಕೀಳಿಸಿಕೊಂಡು ಬಂದ. ಇನ್ನು ನಮ್ಮ ಗೋಡೆಗೆ ಪರದೆ ಕಟ್ಟಕೂಡದು ಎಂದೂ ಆ ಹುಡುಗನಿಗೆ ಹೇಳಿ ಬಂದಿದ್ದ. ನೆಂಟರು ಫೋಟೋವನ್ನು ಕೈಯಿಂದ ಕೈಗೆ ಕೊಟ್ಟರು. ಸೋದರಮಾವ, ‘ಎಂಗೆ ಉಸ್ರಾಡ್ತಾವ್ಳೆ ನೋಡ್ರಪ್ಪ, ನಾನೊಬ್ಬ ಕುಲ್ಡ’ ಎಂದು ತಲೆ ಚಚ್ಚಿಕೊಂಡ. ಕೊನೆಗೆ ಮೈದುನ, ಗಂಡಾಂತರ ಕಳೆದು ಮನೆಗೆ ಬಂದಿದೆ, ಇಲ್ಲೇ ಇರಲಿ ಎಂದು ನಡುಮನೆಯಲ್ಲಿ ಮೊಳೆ ಹೊಡೆದು ನೇತುಹಾಕಿದ. ಅಡುಗೆಮನೆ ಬಾಗಿಲಿಗೆ ಸರಿಯಾಗಿ ಎದುರು. ನಾನು ಒಲೆಯ ಮುಂದೆ ಕೂತು ಕತ್ತು ಎತ್ತಿದರೆ ಅವಳು.

ಪಾಂಡವಪುರದಲ್ಲಿದ್ದರೆ ಸಂತೆಗೆ ಹೋದಾಗ ಮಾತ್ರ ಉರಿ. ಇಲ್ಲಿ ದಿನವೂ ಮುದ್ದೆಯ ಜೊತೆ. ಅದೂ ಅಲ್ಲದೆ ಇನ್ನು ಆ ಹುಡುಗ ಬರದಿದ್ದರೆ ನನ್ನ ಲೆಕ್ಕಕ್ಕೆ ಆ ಟ್ರಂಕಿನ ಹಂಸವೇ ಕೊನೆ.

ಬೆಳಿಗ್ಗೆ ಎದ್ದವಳೇ ಫೋಟೋ ಇಳಿಸಿ, ಕರಿಕಂಬಳಿಯಲ್ಲಿ ಸುತ್ತಿ, ಮೊದಲ ಬಸ್ಸಿಗೆ ಪಾಂಡವಪುರಕ್ಕೆ ಹೋದೆ. ಓರಗಿತ್ತಿ ಬಾಗಿಲಲ್ಲಿ ನಿಂತು ನೋಡಿದಳು, ತಡೆಯಲಿಲ್ಲ. ಹುಡುಗ ಅಂಗಡಿ ಗುಡಿಸುತ್ತಿದ್ದ. ನನ್ನನ್ನು ಕಂಡು ಪೊರಕೆ ಕೆಳಗೆ ಹಾಕಿ, ತಪ್ಪಾಯ್ತಮ್ಮ, ತಪ್ಪಾಯ್ತು ಅಂದ. ತಪ್ಪಿನ ಮಾತು ಬೇಡ, ಇದನ್ನು ಒಳಗಿಡು ಎಂದು ಕಂಬಳಿ ಬಿಚ್ಚಿದೆ. ಅವನ ಮುಖ ನೋಡಬೇಕಿತ್ತು, ಕಳೆದ ಕರು ಸಿಕ್ಕಿದವನ ಹಾಗೆ.

‘ಊವು ಗೀವು ಆಕ್ಬೇಡ ಇನ್ಮೇಲೆ,’ ಅಂದೆ. ‘ಗೋಡೆ ನಂದು, ಯಾರೂ ಬೇಡ ಅನ್ನಕಿಲ್ಲ. ನಾಳೆ ಬೆಳಗಾನ ಬಾ. ಪರದೆ ಬೇಡ, ಜೇಬಲ್ಲಿರೋ ಆ ಸಣ್ದು ತಗಂಬಾ. ನಾಳೆ ಪಾಳಿ ನಂದು.’

ಅವನು ನಗಲಿಲ್ಲ. ಆಗಲಮ್ಮ ಅಂದ. ಫೋಟೋವನ್ನು ಗಾಜಿನೊಳಗೆ ಮೊದಲಿನ ಹಾಗೆ ನಟ್ಟನಡುವೆ ಇಟ್ಟ. ಹೊರಗೆ ನಿಂತು ಗಾಜು ತಟ್ಟಿದೆ. ಎಡಕ್ಕೆ ಸರಿಸುವಂತೆ ಹೇಳಿ, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಡಿಸಿ, ಬಸ್ಸು ಹತ್ತಿದೆ.