ಚಿಕ್ಕಮ್ಮನ ಚಮಚ

ಮನೆಯಲ್ಲೂ ಕೆಲಸದಲ್ಲೂ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕಿವಿಯಮ್ಮ ಎಂದೇ. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೆ ಆ ಮನೆಯವರಿಗಿಂತ ಮೊದಲು ಇವಳಿಗೆ ಗೊತ್ತಾಗುತ್ತಿತ್ತು. ಅಂಥ ಕಿವಿ ಇಟ್ಟುಕೊಂಡು ಸುಮ್ಮನೆ ಕೂರಲಾದೀತೇ? ಹಾಡಿನ ರೆಕಾರ್ಡಿಂಗಿನಿಂದ ಬೇಡದ ಸದ್ದನ್ನೆಲ್ಲ ತೆಗೆಯುವ ಒಂದು ಸಾಫ್ಟ್‌ವೇರ್ ಕಟ್ಟಲು ಕೂತಳು. ಫ್ಯಾನು, ಮಿಕ್ಸಿ, ಹಾರ್ನು ಏನೇ ಇರಲಿ, ಸೋಸಿ ಬಿಸಾಡಬೇಕು; ಹಾಡು ಮಾತ್ರ ಉಳಿಯಬೇಕು. ಅಕ್ಕನ ಗಂಡ, ಅಂದರೆ ಭಾವ, ಇದ್ದ ಕೆಲಸ ಬಿಟ್ಟು ಅವಳ ಜೊತೆ ಸೇರಿಕೊಂಡ. ಮೆಟ್ಟಿಲ ಕೆಳಗಿನ ಒಂದು ಬಾಡಿಗೆ ರೂಮೇ ಇಬ್ಬರ ಕಂಪನಿ.

ಹಾಡು ಅಂದರೇನು ಎಂದು ಸಾಫ್ಟ್‌ವೇರಿಗೆ ಮೊದಲು ಕಲಿಸಬೇಕಲ್ಲ. ಅದಕ್ಕೆ ರಾಶಿ ರಾಶಿ ಹಾಡು ಕೇಳಿಸಬೇಕು. ದೊಡ್ಡ ಗಾಯಕರು ಇವರ ಮೆಟ್ಟಿಲ ಕೆಳಗೆ ಬಂದು ತಲೆ ಬಗ್ಗಿಸಿ ನಿಲ್ಲುತ್ತಾರೆಯೇ? ಮನೆಯಲ್ಲಿ ಚಿಕ್ಕಮ್ಮ ಇದ್ದಳು. ತಾಯಿ ಇಲ್ಲದ ಕಿವಿಯಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಒಲೆಯ ಮುಂದೆ ನಿಂತಳೆಂದರೆ ಅವಳ ಬಾಯಿಗೆ ಬಿಡುವಿಲ್ಲ, ಹಾಡಿದ್ದೇ ಹಾಡಿದ್ದು. ಅಡುಗೆಮನೆಯ ಶೆಲ್ಫಿನಲ್ಲಿ ಒಂದು ಮೈಕು ಇಟ್ಟರು. “ನನ್ನ ಧ್ವನಿ ಕೇಳಿ ನಿಮ್ಮ ಮಷಿನ್ನು ಕೆಟ್ಟುಹೋದ್ರೆ ನಾನು ಜವಾಬ್ದಾರಳಲ್ಲ” ಎಂದು ಚಿಕ್ಕಮ್ಮ ಮೊದಲೇ ಹೇಳಿ ಕೈ ತೊಳೆದುಕೊಂಡಳು.

ಇನ್ನು ಸಮ್ಮೇಳನಗಳ ಸಂಗತಿ. ಸಂಗೀತದ ಉದ್ಯಮದವರೆಲ್ಲ ಒಂದು ದೊಡ್ಡ ಹೋಟೆಲಿನಲ್ಲಿ ಸೇರುತ್ತಾರೆ, ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು. ಅಲ್ಲಿ ಮೊದಲು ಮುಖ ನೋಡುವವರು ಯಾರೂ ಇಲ್ಲ, ಎಲ್ಲರ ಕಣ್ಣೂ ನೇರವಾಗಿ ಚೀಟಿಗೇ ಇಳಿಯುತ್ತದೆ. ದೊಡ್ಡ ಕಂಪನಿಯ ಹೆಸರಿದ್ದರೆ ಬಾಯ್ತುಂಬ ನಗು. ಇಲ್ಲದಿದ್ದರೆ ಟಾಯ್ಲೆಟ್ ಯಾವ ಕಡೆ ಎಂದು ಕೇಳಿಕೊಂಡು ಮುಂದೆ ಹೋಗುತ್ತಾರೆ. ಕಿವಿಯಮ್ಮನಂತೂ ಎಷ್ಟೋ ಜನಕ್ಕೆ ಟಾಯ್ಲೆಟ್ ತೋರಿಸಿದ್ದಳು. ಹಿಂದಿನ ಎರಡು ಸಮ್ಮೇಳನಗಳಲ್ಲೂ ಅವಳ ಮೇಜು ಡ್ರಮ್ ಮಾರುವವರ ಪಕ್ಕಕ್ಕೇ ಬಿದ್ದು, ಅವಳು ಗಂಟಲು ಹರಿದುಕೊಂಡರೂ ಮಾತು ಯಾರಿಗೂ ಕೇಳಿಸಿರಲಿಲ್ಲ.

ಈ ಸಲ ಹೊರಡುವಾಗ ಭಾವ ಮೆಲ್ಲಗೆ ಹೇಳಿದ: “ಇದೊಂದು ಸಲ ನೋಡೋಣ ಕಣಮ್ಮ. ಯಾರೂ ಕೈ ಹಿಡೀಲಿಲ್ಲ ಅಂದ್ರೆ ರೂಮಿನ ಬೀಗದಕೈ ವಾಪಸ್ ಕೊಟ್ಟುಬಿಡೋಣ. ನಿನ್ನ ಹಳೇ ಕೆಲಸಕ್ಕೆ ನೀನು, ನನ್ನ ಹಳೇ ಕೆಲಸಕ್ಕೆ ನಾನು.”

ಅವಳ ಹಳೆಯ ಕೆಲಸವೆಂದರೆ ದಿನವಿಡೀ ಜಾಹೀರಾತುಗಳ ಹಾಡನ್ನು ಕತ್ತರಿಸಿ ಅಂಟಿಸುವುದು. ಅದಕ್ಕಿಂತ ಕಿವಿಗೆ ಹತ್ತಿ ತುರುಕಿಕೊಂಡು ಕೂರುವುದೇ ವಾಸಿ.

ಈ ಸಲ ಅದೃಷ್ಟಕ್ಕೆ ವೇದಿಕೆಯ ಮೇಲೆ ತೋರಿಸಲು ಅವಕಾಶ ಸಿಕ್ಕಿತು. ಸಭಾಂಗಣದ ಹಿಂದೆಯೇ ಕಾಫಿ ಕೌಂಟರು, ಜನ ಗಿಜಿಗಿಜಿ. ಒಳ್ಳೆಯದೇ ಆಯಿತು, ಗಲಾಟೆ ಇದ್ದಷ್ಟೂ ತನ್ನ ಕೆಲಸ ಎದ್ದು ಕಾಣುತ್ತದೆ ಎಂದುಕೊಂಡಳು. ಮುಂದಿನ ಸಾಲಿನಲ್ಲಿ ಕೂತಿದ್ದ ಸ್ಪೀಕರ್ ವ್ಯಾಪಾರಿಯ ಕೈಗೆ ಮೈಕು ಕೊಟ್ಟು ಎರಡು ಸಾಲು ಹಾಡಿಸಿದಳು. ರೆಕಾರ್ಡ್ ಆದದ್ದನ್ನು ಹಾಗೇ ಕೇಳಿಸಿದಳು; ಅದು ಸಂತೆಯಾಗಿತ್ತು. ಆಮೇಲೆ ಗುಂಡಿ ಒತ್ತಿದಳು.

ಗಲಾಟೆ ಮಾಯ. ಎಸಿಯ ಗೊರಗೊರ ಮಾಯ. ವ್ಯಾಪಾರಿಯ ಧ್ವನಿ ತೊಳೆದಿಟ್ಟ ಹಾಗೆ ಕೇಳಿಸಿತು. ಅದರ ಜೊತೆಗೇ ಟಿಣ್, ಟಿಣ್, ಟಿಣ್ ಎಂದು ಕಾಫಿ ಕೌಂಟರಿನ ಅಷ್ಟೂ ಚಮಚಗಳು ಅಷ್ಟೂ ಕಪ್ಪುಗಳಲ್ಲಿ ತಿರುಗುವ ಸದ್ದು ಕೂದಲೆಳೆಯಷ್ಟೂ ಮಾಸದೆ ಕೇಳಿಸಿತು.

“ಮೇಡಂ, ಸಕ್ಕರೆ ಕರಗ್ತಾ?” ಎಂದು ಹಿಂದಿನಿಂದ ಯಾರೋ ಕೇಳಿದರು. ಸಭೆಯೆಲ್ಲ ಗೊಳ್ಳೆಂದಿತು. ಭಾವ ತಲೆ ಎತ್ತಿ ಚಾವಣಿಯ ದೀಪಗಳನ್ನು ನೋಡುತ್ತ ನಿಂತ.

ಕಿವಿಯಮ್ಮನಿಗೆ ಅಲ್ಲೇ ಅರ್ಥವಾಯಿತು. ಚಿಕ್ಕಮ್ಮ ಹಾಡುವಾಗ ಕೈಯಲ್ಲಿ ಚಮಚ ಇದ್ದೇ ಇರುತ್ತದೆ, ಕಪ್ಪಿನ ಅಂಚಿಗೆ ತಾಳ ಹಾಕುತ್ತಲೇ ಇರುತ್ತಾಳೆ. ರೆಕಾರ್ಡ್ ಮಾಡಿದ ಒಂದೊಂದು ಹಾಡಿನಲ್ಲೂ ಅದಿತ್ತು. ಚಮಚವೂ ಹಾಡಿನದೇ ಭಾಗ ಎಂದು ಆ ಸಾಫ್ಟ್‌ವೇರು ಕಲಿತುಬಿಟ್ಟಿತ್ತು. ಊರಿನ ಸದ್ದನ್ನೆಲ್ಲ ಹಿಡಿಯುವ ಇವಳಿಗೆ ಅದು ಒಮ್ಮೆಯೂ ಕೇಳಿಸಿರಲಿಲ್ಲ. ತೊಟ್ಟಿಲಿನಿಂದಲೂ ಕೇಳಿದ್ದು ಅವಳಿಗೆ ಸದ್ದು ಅಂತಲೇ ಅನ್ನಿಸಿರಲಿಲ್ಲ.

ವೇದಿಕೆ ಇಳಿದು ವೈರು ಸುತ್ತುತ್ತಿದ್ದಳು. ಆಗ ಒಬ್ಬ ಹೆಂಗಸು ಎದುರು ಬಂದು ನಿಂತಳು. ಆಶ್ಚರ್ಯವೆಂದರೆ ಆಕೆ ಚೀಟಿ ನೋಡಲಿಲ್ಲ, ಮುಖ ನೋಡಿದಳು. ಜನರ ಮನೆಗಳಲ್ಲಿರುವ ಹಳೆಯ ಟೇಪುಗಳನ್ನು ಸರಿಮಾಡಿಕೊಡುವ ಸಂಸ್ಥೆ ತನ್ನದು ಎಂದಳು.

“ನನ್ನ ಫೋನಲ್ಲೇ ಒಂದಿದೆ, ಹಾಕಿ ನೋಡ್ತೀರಾ? ನಮ್ಮಪ್ಪ ಬಸ್ ಡ್ರೈವರು. ಬಸ್ ಓಡಿಸ್ತಾ ಹಾಡ್ತಿದ್ರು. ಕಂಡಕ್ಟರು ರೆಕಾರ್ಡ್ ಮಾಡ್ಕೊಟ್ಟಿದ್ರು.”

ಕಿವಿಯಮ್ಮ ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೆಡ್‌ಫೋನ್ ಕೊಟ್ಟು ಗುಂಡಿ ಒತ್ತಿದಳು. ಇಂಜಿನ್ನಿನ ಮೊರೆತ ತಗ್ಗಿತು, ತಗ್ಗಿತು, ಇಲ್ಲವಾಯಿತು. ಗಂಡಸೊಬ್ಬನ ದಪ್ಪ ಧ್ವನಿ ಉಳಿಯಿತು. ಅದರ ಅಡಿಯಲ್ಲಿ ಟಕ್, ಟಕ್ ಎಂದು ಏನೋ ಒಂದು ಸದ್ದು.

“ಉಂಗುರ” ಎಂದಳು ಆಕೆ. “ಸ್ಟೀರಿಂಗ್ ಮೇಲೆ ಉಂಗುರದಲ್ಲಿ ತಾಳ ಹಾಕ್ತಿದ್ರು. ಎಲ್ಲಾ ಕಡೆ ಕೊಟ್ಟು ನೋಡಿದೀನಿ. ಇದನ್ನೂ ಗಲಾಟೆ ಅಂತ ತೆಗೆದೇ ಕೊಡ್ತಿದ್ರು. ಧ್ವನಿ ಬರ್ತಿತ್ತು, ಅಪ್ಪ ಬರ್ತಿರಲಿಲ್ಲ.”

ಆಕೆ ಹೆಡ್‌ಫೋನ್ ತೆಗೆಯಲೇ ಇಲ್ಲ. ಹಾಡು ಮುಗಿದ ಮೇಲೆ ಇನ್ನೊಮ್ಮೆ ಹಾಕಿ ಎಂದು ಕೈಸನ್ನೆ ಮಾಡಿದಳು. ಆಮೇಲೆ ಕಣ್ಣೊರೆಸಿಕೊಂಡು, “ನಮ್ಮಲ್ಲಿರೋ ಟೇಪೆಲ್ಲಾ ನೀವೇ ಮಾಡಿಕೊಡಿ. ಒಂದು ಷರತ್ತು. ಈ ತಾಳ ಹಿಡಿಯೋದನ್ನ ಮಾತ್ರ ರಿಪೇರಿ ಮಾಡಬೇಡಿ” ಎಂದಳು. ಭಾವ ಚಾವಣಿ ನೋಡುವುದನ್ನು ಬಿಟ್ಟು ಓಡಿಹೋಗಿ ಆಕೆಗೆ ಕುರ್ಚಿ ತಂದ. ರೂಮಿನ ಬೀಗದಕೈ ಅವನ ಜೇಬಿನಲ್ಲೇ ಉಳಿಯಿತು.

ಕಿವಿಯಮ್ಮ ಕಾರಿಡಾರಿಗೆ ಬಂದು ಮನೆಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಕೇಳಿದ ಚಿಕ್ಕಮ್ಮ ಕೊನೆಯದನ್ನು ಬಿಟ್ಟು ಮೊದಲಿನದನ್ನೇ ಹಿಡಿದುಕೊಂಡಳು. “ಅಯ್ಯೋ, ಅಷ್ಟು ಜನರ ಮುಂದೆ ನನ್ನ ಚಮಚದಿಂದ ನಿನ್ನ ಮಾನ ಹೋಯ್ತೇನೇ? ಇನ್ಮೇಲೆ ಕೈ ಕಟ್ಕೊಂಡು ಹಾಡ್ತೀನಿ ಬಿಡು.”

“ಕೈ ಕಟ್ಕೊಂಡ್ರೆ ಜಗಳ ಆಗುತ್ತೆ ನೋಡು. ಈಗ ಒಂದು ಹಾಡು ಹೇಳು, ಚಮಚ ತಗೊಂಡೇ ಹೇಳು.”

“ಇವಳಿಗೇನು ಬಂತು” ಎಂದು ಚಿಕ್ಕಮ್ಮ ಗೊಣಗಿದಳು. ಡ್ರಾಯರ್ ಎಳೆದ ಸದ್ದಾಯಿತು. ಇತ್ತ ಬೆನ್ನ ಹಿಂದಿನ ಬಾಗಿಲು ತೆರೆದಾಗಲೆಲ್ಲ ಸಮ್ಮೇಳನದ ಗದ್ದಲ ನುಗ್ಗಿ ಬರುತ್ತಿತ್ತು. ಕಿವಿಯಮ್ಮ ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ಫೋನು ಒತ್ತಿ ಹಿಡಿದು, ಆ ಚಮಚದ ಸದ್ದನ್ನು ತನ್ನ ಜೀವಮಾನದಲ್ಲಿ ಮೊದಲ ಸಲ ಕೇಳಿದಳು.