ಜೋಥಮ್ ವಕೀಲರು ಕೂಗಿ ಹೇಳಿದ ಹೆಸರು

ಜೋಥಮ್ ಪೆಂಡ್ಲಿಯನ್ನು ಮದುವೆಯಾದಾಗ ಕೆಜಿಯಾಗೆ ಸಿಕ್ಕಿದ್ದು ಅರ್ಧ ಗಂಡ. ಉಳಿದರ್ಧ ಕೋರ್ಟಿನ ಪಾಲು. ಕೆಂಟಕಿಯ ನಮ್ಮ ಗುಡ್ಡದ ಸೀಮೆಯಲ್ಲಿ ಜಡ್ಜಿ ಕುದುರೆ ಹತ್ತಿ ಊರೂರು ಸುತ್ತುತ್ತಿದ್ದ, ವಕೀಲರು ಅವನ ಹಿಂದೆ. ರಾತ್ರಿಯಾದರೆ ಛತ್ರದಲ್ಲಿ ಮೂವರಿಗೆ ಒಂದು ಮಂಚ. ವಾರಗಟ್ಟಲೆ ಕಳೆದು ಜೋಥಮ್ ಮನೆಗೆ ಬಂದರೆ ಫೀಸಿನ ಬದಲು ಒಂದು ಹಂದಿ ತೊಡೆಯೋ, ಬಾತುಕೋಳಿ ಪುಕ್ಕದ ಚೀಲವೋ ಜೀನಿಗೆ ನೇತಾಡುತ್ತಿತ್ತು. ಚರ್ಮ ಹದ ಮಾಡುವವನ ಮಗ ಅವನು. ಮುದಿ ವಕೀಲರೊಬ್ಬರ ಕಚೇರಿಯ ಕಸ ಗುಡಿಸುತ್ತಾ, ಅವರ ಪುಸ್ತಕಗಳನ್ನೇ ಓದಿ ವಕೀಲನಾದವನು.

ಒಂದು ಸಲ ಹಳ್ಳದ ಮೇಲಿನ ಕಡೆಯ ಮಹಾಲಾ ಎಂಬ ಹೆಂಗಸು ಅಳುತ್ತಾ ಬಂದಳು. ತವರಿನಿಂದ ತಂದ ಮಗ್ಗವನ್ನು ಅವಳ ಕುಡುಕ ಗಂಡ ಯಾರಿಗೋ ಕೊಟ್ಟು ಬದಲಿಗೆ ಬೇಟೆನಾಯಿ ತಂದಿದ್ದ. ಜೋಥಮ್ ಗಂಟಲು ಹರಿಯುವಂತೆ ವಾದಿಸಿದ.

"ಹೆಂಡ್ತಿ ತಂದಿದ್ದೆಲ್ಲಾ ಗಂಡಂದೇ, ಪೆಂಡ್ಲಿ. ಕಾನೂನೇ ಹಾಗಿದೆ, ನಾನೇನ್ ಮಾಡ್ಲಿ?" ಎಂದು ಜಡ್ಜಿ ಎದ್ದು ಹೋದ.

ಅಂದು ಜೋಥಮ್ ಹುರುಳಿಕಾಯಿ ಸಾರನ್ನು ಮುಟ್ಟಲಿಲ್ಲ.

"ಕೋರ್ಟಲ್ಲಿ ಎಷ್ಟು ಅರಚಿದ್ರೂ ಅಷ್ಟೇ ಕಣೇ ಕೆಜಿ. ಕಾನೂನು ಮಾಡೋ ಜಾಗಕ್ಕೇ ಹೋಗ್ಬೇಕು."

"ಹೋಗಿ. ಈಗ ಅರ್ಧ ಸಿಗ್ತಿದ್ದೀರಿ, ಆಮೇಲೆ ಕಾಲು ಸಿಗ್ತೀರಿ!"

ಬೈದಳೇ ಹೊರತು, ಬಂದ ಮತದಾರರಿಗೆಲ್ಲ ಶುಂಠಿ ರೊಟ್ಟಿ ಸುಟ್ಟು ಕೊಟ್ಟವಳೂ ಅವಳೇ. ಆದರೂ ಶಾಸನಸಭೆಯ ಚುನಾವಣೆಯಲ್ಲಿ ಜೋಥಮ್ ಎರಡು ಸಲ ಸೋತ. ಮೂರನೆಯ ಸಲ ಸೋತರೆ ಮತ್ತೆ ನಿಲ್ಲುವುದಿಲ್ಲ ಎಂದು ಅವನೇ ಹೇಳಿದ್ದ. ಆ ಸಲ ಎದುರಿಗೆ ನಿಂತವನು ಗಿರಣಿಯ ಡಡ್ಲಿ ಬ್ಲೆಡ್ಸೋ. ಉತ್ತರ ದಕ್ಷಿಣದ ಯುದ್ಧದಲ್ಲಿ ಜೋಥಮ್ ಉತ್ತರದವರ ನೀಲಿ ಅಂಗಿ ತೊಟ್ಟರೆ ಇವನು ದಕ್ಷಿಣದವರ ಬೂದು ಅಂಗಿ ತೊಟ್ಟವನು.

ನಮ್ಮಲ್ಲಿ ಆಗ ಮತಪೆಟ್ಟಿಗೆ ಎಂಬುದಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ನಿಂತು, ಊರೆಲ್ಲ ಕೇಳುವಂತೆ, ಬೇಕಾದವನ ಹೆಸರು ಕೂಗಬೇಕು. ಹೆಸರಿನವನು ಅಲ್ಲೇ ಕುರ್ಚಿಯಿಂದ ಎದ್ದು ಉಪಕಾರ ಹೇಳಬೇಕು. ಚುನಾವಣೆಗೆ ನಿಂತವನು ತನ್ನ ಹೆಸರನ್ನು ತಾನೇ ಕೂಗದೆ ಎದುರಾಳಿಯ ಹೆಸರು ಹೇಳುವುದು ಹಿಂದಿನವರ ಮರ್ಯಾದೆ. ಯುದ್ಧದಲ್ಲಿ ಸತ್ತವರ ಜೊತೆ ಆ ಮರ್ಯಾದೆಯೂ ಮಣ್ಣಾಗಿತ್ತು.

ಆಗಸ್ಟಿನ ಉರಿಬಿಸಿಲು. ಹೆಂಗಸರಿಗೆ ಮತವಿಲ್ಲ, ಎದುರಂಗಡಿಯ ಜಗಲಿಯಲ್ಲಿ ಕೆಜಿಯಾ ಕುಳಿತಿದ್ದಳು, ಪಕ್ಕದಲ್ಲಿ ಬ್ಲೆಡ್ಸೋನ ಮುದಿತಾಯಿ ಚಿಲುಮೆ ಸೇದುತ್ತಿದ್ದಳು. ಚುನಾವಣೆ ನಡೆಸುತ್ತಿದ್ದ ಶೆರೀಫ್ ಮೊದಲು ಕರೆದದ್ದು ಜೋಥಮ್‌ನನ್ನು.

"ಡಡ್ಲಿ ಬ್ಲೆಡ್ಸೋ!" ಎಂದು ಕೂಗಿದ ಜೋಥಮ್.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಯಾರೋ, "ವಕೀಲ್ರಿಗೆ ಬಿಸಿಲು ತಲೆಗೇರ್ತು ಕಣ್ರೋ!" ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಬ್ಲೆಡ್ಸೋ ಉಪಕಾರ ಹೇಳುವುದನ್ನೇ ಮರೆತು ಕಣ್ಣು ಕಣ್ಣು ಬಿಟ್ಟ.

ಮಧ್ಯಾಹ್ನ ನೀರು ಕುಡಿಯಲು ಬಂದ ಗಂಡನನ್ನು ಕೆಜಿಯಾ ತಡೆದಳು. "ಏನ್ರೀ ಇದು? ಮನೇಲಿದ್ದ ಒಂದು ಮತಾನೂ ಅವನ ಜೋಳಿಗೆಗೆ ಹಾಕಿದ್ರಲ್ಲ!"

"ಯುದ್ಧ ಮುಗಿದು ಎಷ್ಟು ವರ್ಷ ಆಯ್ತು, ಕೆಜಿ. ಯಾರಾದ್ರೂ ಶುರು ಮಾಡ್ಬೇಕಲ್ಲ."

"ನೀವೇ ಯಾಕೆ?"

"ನನ್ನೇ ತಾನೆ ಮೊದ್ಲು ಕರೆದಿದ್ದು?" ಎಂದು ನಕ್ಕ. ಕೆಜಿಯಾಗೆ ನಗು ಬರಲಿಲ್ಲ.

ಹೊತ್ತಿಳಿಯುವ ವೇಳೆಗೆ ಶೆರೀಫ್ ಎದ್ದು ನಿಂತ. "ಇಬ್ರೂ ಸಮ ಸಮ! ಕೂಗದೇ ಉಳಿದೋರು ಯಾರಪ್ಪಾ?"

ಉಳಿದವನು ಬ್ಲೆಡ್ಸೋ ಒಬ್ಬನೇ. ಮೆಟ್ಟಿಲು ಹತ್ತಿ ನಿಂತು ಕತ್ತು ಒರೆಸಿಕೊಂಡ. ಒರೆಸಿದ ಜಾಗವನ್ನೇ ಮತ್ತೆ ಒರೆಸಿಕೊಂಡ. ತನ್ನದೇ ಹೆಸರು ಹೇಳಿದರೆ ಗೆದ್ದ. ಕುದುರೆ ಕಟ್ಟುವ ಕಂಬದ ಬಳಿ ಮಹಾಲಾ ಶಾಲು ಹಿಸುಕುತ್ತಾ ನಿಂತಿದ್ದಳು. ಅವಳ ಕಡೆ ನೋಡಲು ಕೆಜಿಯಾಗೆ ಧೈರ್ಯವಾಗಲಿಲ್ಲ.

ಮುದುಕಿ ಬಾಯಿಂದ ಚಿಲುಮೆ ತೆಗೆದಳು. "ಲೋ ಡಡ್ಲಿ! ನಿನಗೆ ಹೆಸರಿಟ್ಟೋಳು ನಾನು. ನಾಲ್ಕು ಜನ ಕೂಗ್ಲಿ ಅಂತ ಇಟ್ಟೆ ಕಣೋ, ನೀನೇ ಕೂಗ್ಕೊಳ್ಳೋಕಲ್ಲ!"

ಜನವೆಲ್ಲ ಗೊಳ್ಳೆಂದಿತು. ಬ್ಲೆಡ್ಸೋನ ಕಿವಿ ಕೆಂಪಾಯಿತು.

"ಜೋಥಮ್ ಪೆಂಡ್ಲಿ," ಎಂದ, ಹರಳೆಣ್ಣೆ ಕುಡಿದವನ ಹಾಗೆ.

ಜೋಥಮ್ ಎದ್ದ. "ಉಪಕಾರ ಆಯ್ತು, ಡಡ್ಲಿ," ಎನ್ನುವಷ್ಟರಲ್ಲಿ ಕಣ್ಣು ತುಂಬಿತ್ತು. ಜಗಲಿಯಲ್ಲಿ ಕೆಜಿಯಾ ಮುದುಕಿಯ ಒರಟು ಕೈಯನ್ನು ಹಿಡಿದುಕೊಂಡು ಬಿಡಲೇ ಇಲ್ಲ.

ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟಿನ ಶಾಸನಸಭೆಯಲ್ಲಿ ಜೋಥಮ್ ಹೆಂಗಸರ ಮಗ್ಗದ ಮಾತೆತ್ತಿದಾಗ ಉಳಿದವರು ಮೊದಲು ನಕ್ಕರು, ಆಮೇಲೆ ಆಕಳಿಸಿದರು. ಅವನ ಗಡ್ಡ ನೆರೆಯುವ ಹೊತ್ತಿಗೆ ಒಪ್ಪಿಕೊಂಡರು: ಹೆಂಡತಿ ತಂದದ್ದನ್ನು ಗಂಡ ಅವಳನ್ನು ಕೇಳದೆ ಮಾರುವಂತಿಲ್ಲ. ಮಹಾಲಾಳ ಮಗ್ಗವೇನೂ ತಿರುಗಿ ಬರಲಿಲ್ಲ. ಪಕ್ಕದ ಮನೆಯವರ ಮಗ್ಗದಲ್ಲೇ ನೇಯುತ್ತಿದ್ದಳು. ಅವಳ ಮಗಳ ಮಗ್ಗವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಪ್ರತಿ ಚುನಾವಣೆಯಲ್ಲೂ ಜೋಥಮ್ ಎದುರಾಳಿಯ ಹೆಸರನ್ನೇ ಕೂಗಿದ. ಕೊನೆಗೊಂದು ಸಲ ಗಂಜಿ ಹಾಕಿದ ಕಾಲರಿನ ಯುವಕನೊಬ್ಬ ಇವನ ಮತವನ್ನೂ ತೆಗೆದುಕೊಂಡು, ತನ್ನ ಹೆಸರನ್ನೂ ತಾನೇ ಕೂಗಿಕೊಂಡು ಗೆದ್ದ.

"ಸೋತೆ ಕಣೇ," ಎನ್ನುತ್ತಾ ಜೋಥಮ್ ಮನೆಯೊಳಗೆ ಬಂದ.

"ಗೊತ್ತು. ಆ ಹುಡುಗ ಕೂಗ್ಕೊಂಡಿದ್ದು ಹೊಳೆಯಾಚೆಗೂ ಕೇಳ್ಸಿರುತ್ತೆ. ಮುಂದಿನ ಸಲ ಅವನೇ ಎದುರು ನಿಂತ್ರೆ ಏನ್ ಮಾಡ್ತೀರಿ?"

"ಅವನಿಗೇ ಹಾಕ್ತೀನಿ. ಮತ್ತೇನ್ ಮಾಡ್ಲಿ?"

ಕೆಜಿಯಾ ಜೋಳದ ರೊಟ್ಟಿಯನ್ನು ಮಜ್ಜಿಗೆಗೆ ಮುರಿದು ಹಾಕಿ ಮುಂದಿಟ್ಟಳು. ಬಟ್ಟಲು ಬರಿದಾದ ಮೇಲೆ ಕೇಳದೆಯೇ ಇನ್ನೊಮ್ಮೆ ತುಂಬಿದಳು.