ಜೋಡಿ ಇಲ್ಲದೆ ನೀರಿಗಿಲ್ಲ

ಪೀಪಿ ಅಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದನ್ನು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಕೊರಳಲ್ಲಿ ಹಿತ್ತಾಳೆಯ ಪೀಪಿ, ಕಾಲಲ್ಲಿ ರಬ್ಬರ್ ಚಪ್ಪಲಿ, ಮೊಣಕಾಲ ತನಕ ಮಡಚಿದ ಪ್ಯಾಂಟು. ನಗರಸಭೆಯ ಈಜುಕೊಳದಲ್ಲಿ ಬೆಳಗಿನ ಹೆಂಗಸರ ಪಾಳಿ ಮುಗಿಯುವ ತನಕ ಕೊಳದ ಅಂಚು ಬಿಟ್ಟು ಕದಲುವ ಪೈಕಿಯಲ್ಲ. ಮದುವೆ ಮನೆಗೆ ಹೋದರೂ ಪೀಪಿ ಬಿಚ್ಚುವುದಿಲ್ಲ ಎಂದು ಆಡಿಕೊಳ್ಳುವವರಿದ್ದಾರೆ. ಬಿಚ್ಚುವುದಿಲ್ಲ, ಏನೀಗ? ಕೆಲವರು ಬಂಗಾರ ಹಾಕಿಕೊಂಡು ಹೋಗುತ್ತಾರೆ, ಅವಳು ಹಿತ್ತಾಳೆ ಹಾಕಿಕೊಂಡು ಹೋಗುತ್ತಾಳೆ.

ಅವಳ ಅಪ್ಪ ಅದೇ ಕೊಳದ ಪಂಪು ನೋಡಿಕೊಳ್ಳುತ್ತಿದ್ದವನು. ಕೊಳದ ಹಿಂದಿನ ಎರಡು ಕೋಣೆಯ ಮನೆಯಲ್ಲೇ ಅಕ್ಕನೂ ಹುಟ್ಟಿದಳು, ತಂಗಿಯೂ ಹುಟ್ಟಿದಳು. ಆ ಕಾಲದಲ್ಲಿ ಹೆಂಗಸರಿಗೆ ಪಾಳಿ ಎಂಬುದೇ ಇರಲಿಲ್ಲ. ನೀರು ಬದಲಿಸುವ ದಿನ ಗಂಡಸರು ಹೊರಗೆ ಹೋದ ಮೇಲೆ, ಕೊಳ ಬರಿದಾಗುವುದರೊಳಗೆ, ಇಳಿಯುತ್ತಿರುವ ನೀರಿನಲ್ಲಿ ಈಜು ಕಲಿತವಳು ಅವಳು. ತಡಮಾಡಿದರೆ ನೀರೇ ಇರುತ್ತಿರಲಿಲ್ಲ, ಅದಕ್ಕೇ ಬೇಗ ಕಲಿತಳು. ದೊಡ್ಡವಳಾದ ಮೇಲೆ ನಗರಸಭೆಯ ಮೆಟ್ಟಿಲು ಹತ್ತಿ ಇಳಿದು, ಹೆಂಗಸರಿಗೂ ಒಂದು ಪಾಳಿ ಕೊಡಿ ಎಂದು ಅಧಿಕಾರಿಗಳ ತಲೆ ತಿಂದಳು. ಕೊನೆಗೆ ಇವಳ ಕಾಟ ತಪ್ಪಿದರೆ ಸಾಕೆಂದು ಅವರು ಬೆಳಗಿನ ಒಂದು ಗಂಟೆಯನ್ನು ಹೆಂಗಸರಿಗೆ ಬಿಟ್ಟುಕೊಟ್ಟರು, ಕೊರಳಿಗೆ ಪೀಪಿಯನ್ನೂ ಕಟ್ಟಿದರು.

ಪಾಳಿ ಶುರುವಾದ ಹೊಸದರಲ್ಲೇ ಒಂದು ಹುಡುಗಿ ಮುಳುಗಿ ಸತ್ತಳು. ಮೂವರು ಗೆಳತಿಯರು ಒಟ್ಟಿಗೆ ಇಳಿದಿದ್ದರು. ಒಬ್ಬಳು ಕಾಣದಾದಾಗ ಉಳಿದ ಇಬ್ಬರೂ, ಅವಳು ಇನ್ನೊಬ್ಬಳ ಹತ್ತಿರ ಇದ್ದಾಳೆ ಅಂದುಕೊಂಡರು. ಸುತ್ತ ಅಷ್ಟೊಂದು ಹೆಂಗಸರು ಹರಟೆ ಹೊಡೆಯುತ್ತಿದ್ದರು, ಒಬ್ಬರಿಗೂ ಗೊತ್ತಾಗಲಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಮುಳುಗುವವರು ಕೂಗುವುದಿಲ್ಲ, ಸದ್ದಿಲ್ಲದೆ ಹೋಗಿಬಿಡುತ್ತಾರೆ. ಅಕ್ಕನೇ ಹಾರಿ ಆ ಹುಡುಗಿಯನ್ನು ಎತ್ತಿ ತಂದು ಅಂಚಿನ ಮೇಲೆ ಮಲಗಿಸಿದಳು. ಆ ತೂಕ ಇವತ್ತಿಗೂ ತನ್ನ ತೋಳಲ್ಲಿದೆ ಎನ್ನುತ್ತಾಳೆ.

ಅವತ್ತಿನಿಂದ ಒಂದೇ ಕಟ್ಟಳೆ. ಜೋಡಿ ಇಲ್ಲದೆ ಯಾರೂ ನೀರಿಗಿಳಿಯುವಂತಿಲ್ಲ. ಯಾರಿಗೆ ಯಾರು ಜೋಡಿ ಎಂಬುದನ್ನು ಅಕ್ಕನೇ ಹೇಳುತ್ತಾಳೆ. ಪೀಪಿ ಊದಿದ ಕೂಡಲೇ ಮಾತು ನಿಲ್ಲಿಸಿ, ಜೋಡಿಯ ಕೈ ಹಿಡಿದು ಮೇಲೆತ್ತಬೇಕು. ಎಲ್ಲಾದರೂ ಒಂಟಿ ಕೈ ಕಂಡರೆ ಎಲ್ಲರೂ ನೀರಿನಿಂದ ಹೊರಗೆ. ಮೂವರು ಸೇರುವುದಂತೂ ಜಪ್ಪಯ್ಯ ಅಂದರೂ ಇಲ್ಲ, ಮೂವರಾದರೆ ಯಾರ ಕಣ್ಣೂ ಯಾರ ಮೇಲೂ ಇರುವುದಿಲ್ಲ. ಡಾಕ್ಟರಮ್ಮನೂ ಬರುತ್ತಾಳೆ, ಕಸ ಗುಡಿಸುವವಳೂ ಬರುತ್ತಾಳೆ, ಪೀಪಿ ಊದಿದರೆ ಇಬ್ಬರೂ ಶಾಲೆಯ ಮಕ್ಕಳ ಹಾಗೆ ಕೈ ಎತ್ತುತ್ತಾರೆ.

ಅಲ್ಲಿಯ ಅತಿ ಚಂದದ ಜೋಡಿ ಎಂದರೆ ಅಕ್ಕನ ತಂಗಿ ಮತ್ತು ಬೀಗದವಳು. ತಂಗಿಯನ್ನು ಕೊಳದ ಹೆಂಗಸರೆಲ್ಲ ಚಿಕ್ಕಕ್ಕ ಎನ್ನುತ್ತಾರೆ. ಗಂಡನ ಮನೆಯಿಂದ ಮುರಿದ ಮಣಿಕಟ್ಟು ಹೊತ್ತುಕೊಂಡು ಬಂದವಳು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬಂದ ಹೊಸದರಲ್ಲಿ ಬಾಗಿಲು ಸದ್ದಾದರೂ ಬೆಚ್ಚುತ್ತಿದ್ದಳು. ನೀರಿಗಿಳಿದ ಮೇಲೇ ಅವಳ ಮೈ ಸಡಿಲವಾದದ್ದು. ಬೀಗದವಳ ಕತೆ ಬೇರೆ. ಬೀಗ ರಿಪೇರಿಯವನ ಮಗನಾಗಿ ಊರು ಬಿಟ್ಟು ಹೋಗಿ, ಕೆಲವು ವರ್ಷಗಳ ಮೇಲೆ ಸೀರೆಯುಟ್ಟು ವಾಪಸು ಬಂದು, ಅಪ್ಪನ ಅಂಗಡಿಯ ಬಾಗಿಲು ತೆರೆದವಳು. ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಆದರೆ ಬೀಗದ ಕೈ ಕಳೆದುಕೊಂಡು ಮನೆ ಬಾಗಿಲಲ್ಲಿ ನಿಂತವರಿಗೆ ಎಷ್ಟು ಹೊತ್ತು ಮೂಗಿನ ಮೇಲೆ ಬೆರಳಿಟ್ಟುಕೊಳ್ಳಲಾಗುತ್ತದೆ? ನಿಧಾನಕ್ಕೆ ಎಲ್ಲರೂ ಅವಳನ್ನು ಕರೆದರು. ಒಂದು ಬೆಳಿಗ್ಗೆ ಅವಳು ಹೆಂಗಸರ ಪಾಳಿಗೂ ಬಂದು ನಿಂತಳು. ಅಕ್ಕ ಮೇಲಿಂದ ಕೆಳಗೆ ನೋಡಿ, ಈಜು ಬರುತ್ತದಾ ಎಂದು ಮಾತ್ರ ಕೇಳಿದಳು. ಬರುತ್ತದೆ ಎಂದಾಗ ತಂಗಿಯ ಕಡೆ ಕೈ ತೋರಿಸಿದಳು. ಅಷ್ಟೇ. ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತೆತ್ತಲಿಲ್ಲ. ಬೀದಿಯಲ್ಲಿ ಹೆಜ್ಜೆಗೊಬ್ಬರು ತಿರುಗಿ ನೋಡುವ ಅವಳನ್ನು ಆ ಒಂದು ಗಂಟೆ ಮಾತ್ರ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದಕ್ಕಾಗಿಯೇ ಅವಳು ಜ್ವರ ಬಂದರೂ ತಪ್ಪಿಸುತ್ತಿರಲಿಲ್ಲ.

ಹೀಗಿರುವಾಗ ದೊಡ್ಡ ಕೋರ್ಟಿನ ತೀರ್ಪು ಬಂತು. ಹೆಣ್ಣಾಗಿ ಬದುಕುತ್ತಿರುವವರನ್ನು ಕಾನೂನು ಹೆಣ್ಣೆಂದೇ ಎಣಿಸಬೇಕು, ಹೆಂಗಸರಿಗೆ ಮೀಸಲಾದ ಜಾಗಗಳಿಂದ ಅವರನ್ನು ಹೊರಗಿಡಬಾರದು ಎಂದಿತ್ತು. ಊರಿಗೆ ಊರೇ ವಕೀಲರಾಯಿತು. ಟೀವಿಯಲ್ಲಿ ಕೂತವರು ಗಂಟಲು ಹರಿದುಕೊಂಡರು. ಹೆಂಡತಿ ಈಜಲು ಹೋದಳೋ ಸಂತೆಗೆ ಹೋದಳೋ ಎಂದು ಒಂದು ದಿನವೂ ವಿಚಾರಿಸದ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಹೆಂಗಸರ ಮಾನದ ಚಿಂತೆ ಹತ್ತಿಕೊಂಡಿತು. ಅತ್ತ ಹಿಗ್ಗಿದವರೂ ಕಡಿಮೆಯಿರಲಿಲ್ಲ. ಕೆಲವರು ಹೂಗುಚ್ಛ ಹಿಡಿದು ಬೀಗದವಳ ಅಂಗಡಿಗೇ ಹೋದರು. ಅವಳು ಅರ ಹಿಡಿದು ಬೀಗದ ಕೈ ಉಜ್ಜುತ್ತಿದ್ದಳು, ಸ್ವಲ್ಪ ಬೆಳಕು ಬಿಟ್ಟು ನಿಂತುಕೊಳ್ಳಿ ಎಂದಳಂತೆ.

ಕೊಳದಲ್ಲೂ ಗುಸುಗುಸು ಶುರುವಾಯಿತು. ವಿಚಿತ್ರ ನೋಡಿ, ಇಷ್ಟು ವರ್ಷ ಪಕ್ಕದಲ್ಲೇ ಈಜಿದವರಿಗೆ ಈಗ ಇರುಸುಮುರುಸು. ತಾವಾಗಿ ಜಾಗ ಬಿಟ್ಟುಕೊಟ್ಟಾಗ ದೊಡ್ಡ ಮನಸ್ಸು ತಮ್ಮದಾಗಿತ್ತು, ಅದು ಅವಳ ಹಕ್ಕು ಎಂದು ಕೋರ್ಟು ಹೇಳಿದ ಕೂಡಲೇ ಕೈಯಿಂದ ಏನೋ ಕಿತ್ತುಕೊಂಡ ಹಾಗಾಯಿತು. ಆದರೆ ಬಾಯಿಬಿಟ್ಟು ಹೇಳಿದವಳು ಚಿಕ್ಕಕ್ಕ ಒಬ್ಬಳೇ. ಬೀಗದವಳು ಎಂದಿನ ಹಾಗೆ ಕೈ ಚಾಚಿದಾಗ ಅವಳು ತನ್ನ ಕೈಯನ್ನು ಟವೆಲಿನೊಳಗೆ ಸೇರಿಸಿಕೊಂಡಳು.

"ಕೋರ್ಟು ನಿನ್ನನ್ನ ಒಳಗೆ ಬಿಡಬೇಕು ಅಂದಿದೆ. ನಾನು ನಿನ್ನ ಕೈ ಹಿಡೀಬೇಕು ಅಂತ ಹೇಳಿಲ್ಲ," ಎಂದಳು.

ಎಲ್ಲರೂ ಅಕ್ಕನ ಮುಖ ನೋಡಿದರು. ಡಾಕ್ಟರಮ್ಮ, ಚಿಕ್ಕಕ್ಕ ನಮ್ಮ ಜೊತೆ ಸೇರಿಕೊಳ್ಳಲಿ ಬಿಡಿ ಎಂದಳು. ಮೂವರು ಇಲ್ಲ ಎಂದಳು ಅಕ್ಕ. ಉಳಿದವರನ್ನು ಒಬ್ಬೊಬ್ಬರಾಗಿ ಕೇಳಿದಳು, ಯಾರಾದರೂ ಜೋಡಿ ಬದಲಿಸುತ್ತೀರಾ ಎಂದು. ಒಬ್ಬಳು ಟೋಪಿ ಸರಿಮಾಡಿಕೊಂಡಳು, ಒಬ್ಬಳಿಗೆ ಕೆಮ್ಮು ಬಂತು. ಸರಿ, ಜೋಡಿ ಇಲ್ಲದವರು ಬೆಂಚಿನ ಮೇಲೆ ಎಂದು ಪೀಪಿ ಊದಿದಳು. ತಂಗಿ ಬೆಂಚಿನ ಆ ತುದಿಯಲ್ಲಿ, ಬೀಗದವಳು ಈ ತುದಿಯಲ್ಲಿ ಕೂತರು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಇಬ್ಬರೂ ಹಟಮಾರಿಗಳು, ಇಬ್ಬರೂ ತಪ್ಪದೆ ಬಂದು ಒಣ ಮೈಯಲ್ಲಿ ಕೂತು ಎದ್ದು ಹೋದರು.

ಇನ್ನು ಅಕ್ಕನಿಗೆ ಬುದ್ಧಿ ಹೇಳಲು ಬಂದವರೋ! ಕೊಳದ ಮ್ಯಾನೇಜರು, ಬೀಗದವಳಿಗೆ ಮಧ್ಯಾಹ್ನ ಬೇರೆ ಹೊತ್ತು ಕೊಟ್ಟು ಕೈತೊಳೆದುಕೊಳ್ಳೋಣ ಎಂದ. ಹೂಗುಚ್ಛದವರು ಬಂದು, ನಿಮ್ಮ ತಂಗಿಗೆ ನಾಲ್ಕು ಮಾತು ಬಯ್ದು ಇಳಿಸಿ, ಇಲ್ಲದಿದ್ದರೆ ಬೀಗದವಳನ್ನು ಒಂಟಿಯಾಗಿಯೇ ಬಿಡಿ ಎಂದರು. ಅಕ್ಕ ಯಾರಿಗೂ ಸೊಪ್ಪು ಹಾಕಲಿಲ್ಲ. ಬೇರೆ ಹೊತ್ತು ಕೊಟ್ಟರೆ ಹೊರಗೆ ಹಾಕಿದ ಹಾಗೇ ಆಯಿತು ಎಂದಳು ಮ್ಯಾನೇಜರಿಗೆ. ನೀರಿಗೆ ತೀರ್ಪು ಓದಲು ಬರುವುದಿಲ್ಲ, ಒಂಟಿಯಾಗಿ ಇಳಿದವರನ್ನು ಅದು ಹಕ್ಕು ನೋಡಿ ಬಿಡುವುದಿಲ್ಲ ಎಂದಳು ಹೂಗುಚ್ಛದವರಿಗೆ. ನೀನೇ ಜೋಡಿಯಾಗಬಾರದಾ ಎಂದು ಕೇಳಿದವರಿಗೆ, ನಾನು ಇಳಿದರೆ ಅಂಚಿನಲ್ಲಿ ನಿಲ್ಲುವವರು ಯಾರು ಎಂದಳು.

ಅಂಚಿನಲ್ಲಿ ಹೀಗೆ ಬಂಡೆಯ ಹಾಗೆ ನಿಂತವಳಿಗೆ ಮನೆಯೊಳಗೆ ಮಾತ್ರ ಕಷ್ಟವಾಯಿತು. ತಂಗಿ ಎದುರಿಗೇ ಇರುವವಳು. ಒಂದು ಸಂಜೆ ಇಬ್ಬರೂ ಒಣಗಿದ ಟವೆಲ್ ಮಡಚುತ್ತಿದ್ದಾಗ ಅಕ್ಕ ತಡೆಯಲಾರದೆ ಕೇಳಿಬಿಟ್ಟಳು, ಅವಳು ನಿನಗೇನು ಅನ್ಯಾಯ ಮಾಡಿದಳು ಎಂದು.

ತಂಗಿ ಟವೆಲ್ ಮಡಿಲಿಗಿಟ್ಟುಕೊಂಡಳು. "ಏನೂ ಮಾಡಿಲ್ಲ ಅಕ್ಕ. ಅವಳ ಕೈ ನನಗೆ ಗೊತ್ತಿಲ್ವಾ? ನನ್ನ ಸಂಕಟ ಬೇರೆ. ಮದುವೆ ಅಪ್ಪ ತೀರ್ಮಾನ ಮಾಡಿದ್ರು. ಆ ಮನೇಲಿ ಉಣ್ಣೋದು, ಮಲಗೋದು ಎಲ್ಲಾ ಅವನು ತೀರ್ಮಾನ ಮಾಡ್ದ. ಇಲ್ಲಿಗೆ ಬಂದ್ರೆ ಜೋಡಿ ನೀನು ತೀರ್ಮಾನ ಮಾಡ್ದೆ. ಈಗ ಕೋರ್ಟು. ಒಬ್ರಾದ್ರೂ, ಒಂದೇ ಒಂದು ಸಲ, ನನ್ನನ್ನ ಕೇಳಿದ್ರಾ?"

ಯಾರಿಗೂ ಮಾತಿನಲ್ಲಿ ಸೋತವಳಲ್ಲ ಪೀಪಿ ಅಕ್ಕ. ನೀರಿಗೆ ಜೋಡಿ ಬೇಕೇ ಬೇಕು ಎಂದು ಹೇಳಲು ಬಾಯಿ ತೆರೆದಳು, ಅದು ಈ ಪ್ರಶ್ನೆಗೆ ಉತ್ತರವಲ್ಲ ಎಂದು ಅವಳಿಗೇ ಗೊತ್ತಾಯಿತು. ತಂಗಿಯ ಮಣಿಕಟ್ಟು ನೆಟ್ಟಗೆ ಕೂಡಿರಲಿಲ್ಲ, ಟವೆಲ್ ಮಡಚುವಾಗ ಒಂದಿಷ್ಟು ಸೊಟ್ಟಗೆ ತಿರುಗುತ್ತಿತ್ತು. ಅದನ್ನೇ ನೋಡುತ್ತಾ ಕೂತಳು.

ಮಾರನೆಯ ದಿನ ಮಧ್ಯಾಹ್ನ ಅವಳು ಬೀಗದವಳ ಅಂಗಡಿಗೆ ಹೋದಳು. ಗೂಡಿನಷ್ಟು ಜಾಗ, ಗೋಡೆಯ ತುಂಬ ಮೊಳೆಗೆ ನೇತು ಹಾಕಿದ ಬೀಗದ ಕೈಗಳು. ಅಕ್ಕ ಸುತ್ತಿ ಬಳಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ತಂಗಿಯನ್ನು ಯಾರೂ ಒಂದು ಸಲವೂ ಕೇಳಲಿಲ್ಲವಂತೆ ಎಂದು. ಬೀಗದವಳು ಅರ ಕೆಳಗಿಟ್ಟಳು.

"ನಾನೂ ಕೇಳಿಲ್ಲ ಅಕ್ಕ. ನೀವು ಕೈ ತೋರಿಸಿದ್ರಿ, ಹೋಗಿ ಹಿಡ್ಕೊಂಡೆ. ಹುಟ್ಟಿದಾಗಿಂದ ಕೇಳಿದ್ದಕ್ಕೆಲ್ಲ ಇಲ್ಲ ಅನ್ನಿಸ್ಕೊಂಡೋಳು ನಾನು. ಕೇಳೋದನ್ನೇ ಬಿಟ್ಟುಬಿಟ್ಟಿದ್ದೆ."

ಕೇಳು ಎಂದು ಅಕ್ಕ ಹೇಳಲಿಲ್ಲ. ಹೇಳಿದ್ದರೆ ಅದೂ ತನ್ನ ತೀರ್ಮಾನವಾಗುತ್ತಿತ್ತು. ಬರ್ತೀನಿ ಎಂದಷ್ಟೇ ಹೇಳಿ ಎದ್ದು ಬಂದಳು.

ಮರುದಿನ ಬೆಳಿಗ್ಗೆ ಬೀಗದವಳು ಬೆಂಚಿನ ತುದಿಯಲ್ಲಿ ಕೂರಲಿಲ್ಲ. ನಡುವಿಗೆ ಬಂದು ಕೂತಳು. ನೀರಿನಲ್ಲಿದ್ದವರ ಕಿವಿಗಳೆಲ್ಲ ಬೆಂಚಿನ ಕಡೆಗೇ ಇದ್ದವು. ಅಕ್ಕ ಕೊಳದ ಮೇಲಿಂದ ಕಣ್ಣು ತೆಗೆಯುವಂತಿರಲಿಲ್ಲ, ಆದರೆ ಕಿವಿಗೆ ಅಂಥ ಕಟ್ಟಳೆ ಇರಲಿಲ್ಲ.

"ಚಿಕ್ಕಕ್ಕ, ಕೋರ್ಟಿನ ಮಾತು ಒಂದು ಕಡೆ ಇರಲಿ. ನಾನು ಕೇಳ್ತಿದ್ದೀನಿ. ನನ್ನ ಜೋಡಿ ಆಗ್ತೀರಾ? ಆಗಲ್ಲ ಅಂದ್ರೆ ಆಗಲ್ಲ ಅನ್ನಿ, ಬೇಜಾರು ಪಟ್ಕೊಳಲ್ಲ ಅಂತ ಸುಳ್ಳು ಹೇಳಲ್ಲ. ಬೇರೆ ಜೋಡಿ ಸಿಗೋ ತನಕ ಇಲ್ಲೇ ಕೂತಿರ್ತೀನಿ. ಬರೋದಂತೂ ಬಿಡಲ್ಲ."

ಚಿಕ್ಕಕ್ಕ ಬಟ್ಟೆ ಬದಲಿಸುವ ಕೋಣೆಗಳ ಕಡೆ ನೋಡಿದಳು. ಆಮೇಲೆ ಯಾರೂ ನೆನೆಸದ ಮಾತೊಂದನ್ನು ಆಡಿದಳು. ಬಟ್ಟೆ ಬದಲಿಸುವ ಕೋಣೆಗಳ ಚಿಲಕ ಕಿತ್ತುಹೋಗಿ ವರ್ಷಗಳಾಗಿದ್ದವು. ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬಟ್ಟೆ ಬದಲಿಸುವುದು ಎಲ್ಲರಿಗೂ ರೂಢಿಯಾಗಿತ್ತು. ಕೇಳಿದಾಗಲೆಲ್ಲ ಮ್ಯಾನೇಜರು ಮಂಜೂರಾಗಬೇಕು ಎನ್ನುತ್ತಿದ್ದ.

"ನನಗೆ ಒಳಗಿನಿಂದ ಚಿಲಕ ಬೇಕು," ಎಂದಳು ಚಿಕ್ಕಕ್ಕ. "ಆ ಬಾಗಿಲು ಹಿಡ್ಕೊಂಡು ನಿಂತ್ರೆ ಇವತ್ತಿಗೂ ಯಾರೋ ತಳ್ಕೊಂಡು ಬರ್ತಾರೆ ಅನ್ಸುತ್ತೆ. ನಿನ್ನಿಂದ ಅಲ್ಲ. ನೀನು ಬರೋಕೆ ಮುಂಚಿನಿಂದಲೂ."

ಬೀಗದವಳು ಕಣ್ಣು ಪಿಳಿಪಿಳಿ ಬಿಟ್ಟಳು. "ಚಿಲಕಾನಾ? ಮೊದಲೇ ಹೇಳಬಾರದಿತ್ತಾ?"

"ನೀನು ಮೊದಲೇ ಕೇಳಬಾರದಿತ್ತಾ?"

ನೀರಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬೀಗದವಳು ಎದ್ದು ಒದ್ದೆ ನೆಲದ ಮೇಲೆ ದಡದಡನೆ ನಡೆದೇಬಿಟ್ಟಳು. ಪಾಳಿ ಮುಗಿಯುವುದರೊಳಗೆ ಸಾಮಾನಿನ ಚೀಲ ಹಿಡಿದು ವಾಪಸು ಬಂದಳು. ಮ್ಯಾನೇಜರು ಮಂಜೂರಾತಿ ಎಂದು ಬಾಯಿ ತೆರೆದ, ಅಕ್ಕ ಪೀಪಿಯನ್ನು ತುಟಿಗಿಟ್ಟುಕೊಂಡು ಅವನನ್ನೇ ನೋಡಿದಳು. ಅವನು ತನ್ನ ಕೋಣೆಗೆ ಹೋಗಿ ಫ್ಯಾನು ಹಾಕಿಕೊಂಡ. ಅವತ್ತು ಹೆಂಗಸರು ಯಾರೂ ಮನೆಗೆ ಹೋಗುವ ಆತುರ ತೋರಿಸಲಿಲ್ಲ. ಟೋಪಿ ಸರಿಮಾಡಿಕೊಂಡಿದ್ದವಳು ಸ್ಕ್ರೂ ಎತ್ತಿ ಕೊಟ್ಟಳು, ಕೆಮ್ಮಿದವಳು ಬಾಗಿಲು ಅಲ್ಲಾಡದ ಹಾಗೆ ಹಿಡಿದುಕೊಂಡಳು. ಒಂದಾದ ಮೇಲೊಂದರಂತೆ ಎಲ್ಲ ಕೋಣೆಗಳಿಗೂ ಚಿಲಕ ಬಂತು.

ಮರುದಿನ ಬೆಳಿಗ್ಗೆ ಚಿಕ್ಕಕ್ಕ ಮೊದಲನೆಯ ಕೋಣೆಗೆ ಹೋದಳು. ಒಳಗೆ ಚಿಲಕ ಠಕ್ಕನೆ ಬಿದ್ದ ಸದ್ದು ಹೊರಗಿದ್ದವರಿಗೆಲ್ಲ ಕೇಳಿಸಿತು. ದಿನವೂ ಓಡೋಡಿ ಬಟ್ಟೆ ಬದಲಿಸಿ ಬರುತ್ತಿದ್ದವಳು ಅವತ್ತು ನಿಧಾನವಾಗಿ, ತಲೆ ಬಾಚಿ, ಟೋಪಿ ಹಾಕಿಕೊಂಡು ಹೊರಗೆ ಬಂದಳು. ಪಕ್ಕದ ಕೋಣೆಯ ಚಿಲಕ ತೆಗೆದು ಬೀಗದವಳೂ ಬಂದಳು. ಈ ಸಲ ಚಿಕ್ಕಕ್ಕನೇ ಕೈ ಚಾಚಿದಳು, ಇಬ್ಬರೂ ಏಣಿ ಹಿಡಿದು ನೀರಿಗಿಳಿದರು.

ಇಷ್ಟು ದಿನ ಒಣಗಿ ಕೂತಿದ್ದ ಸಿಟ್ಟಿಗೋ ಏನೋ, ಇಬ್ಬರೂ ಆಳದ ಕಡೆಗೇ ಜೋರಾಗಿ ಹೋದರು. ಅಕ್ಕ ಪೀಪಿ ಊದಿದಳು. ಕೊಳದ ತುಂಬ ಕೈಗಳು ಎದ್ದವು. ಒಂದಿಷ್ಟು ಸೊಟ್ಟಗೆ ಕೂಡಿದ ಆ ಮಣಿಕಟ್ಟನ್ನು ಅಕ್ಕ ಎಷ್ಟು ದೂರದಿಂದಲೂ ಗುರುತಿಸಬಲ್ಲಳು. ಅದು ಅಲ್ಲಿತ್ತು, ಅರ ಹಿಡಿದು ಜಡ್ಡುಗಟ್ಟಿದ ಇನ್ನೊಂದು ಕೈಯೊಳಗೆ ಭದ್ರವಾಗಿತ್ತು.

ಎಷ್ಟೋ ವರ್ಷಗಳಿಂದ ಒಂದು ಸಲಕ್ಕೆ ಒಂದೇ ಬಾರಿ ಊದುವವಳು, ಅವತ್ತು ಕೈಗಳು ಇಳಿಯುತ್ತಿದ್ದ ಹಾಗೇ ಮತ್ತೆ ಊದಿದಳು. ಹೆಂಗಸರು ಗೊಣಗಿಕೊಂಡು ಮತ್ತೆ ಕೈ ಎತ್ತಿದರು.

"ಒಂದು ಸಲ ಊದಿದ್ರೆ ಸಾಕು ಅಕ್ಕ," ಎಂದು ತಂಗಿ ಆಳದಿಂದ ಕೂಗಿದಳು. "ಇಬ್ರೂ ಇಲ್ಲೇ ಇದ್ದೀವಿ."